ವಾಕ್ಯ ಆರಿಸಿದವರು ಯಾರು?

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನಕ್ಕೆ ಹೋಗಿ ಬಂದದ್ದನ್ನು ಅವರ ಕಚೇರಿ ಕನ್ನಡದಲ್ಲಿ ಬರೆದು ಫೇಸ್‌ಬುಕ್‌ನಲ್ಲಿ ಹಾಕಿತು. ಆ ಬರಹವನ್ನು ಫೇಸ್‌ಬುಕ್ಕಿನ ಯಂತ್ರ ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿತು. ಇಂಗ್ಲಿಷಿನಲ್ಲಿ ಓದಿದವರಿಗೆ ಸಿಕ್ಕಿದ ಸುದ್ದಿಯೇ ಬೇರೆ. ಮುಖ್ಯಮಂತ್ರಿಗಳೇ ನಿನ್ನೆ ನಿಧನರಾದರು ಎಂದು ಅದು ಹೇಳುತ್ತಿತ್ತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು. ಅನುವಾದ ನಂಬುವಂತಾಗುವವರೆಗೆ ಕನ್ನಡದ ಮಟ್ಟಿಗೆ ಈ ಸೌಲಭ್ಯ ನಿಲ್ಲಿಸಿ ಎಂದು ಕೇಳಿದರು. ಕಂಪನಿ ತಪ್ಪು ಸರಿಪಡಿಸಿದೆವು ಎಂದು ಹೇಳಿ ಕ್ಷಮೆ ಕೋರಿತು.

ನಾನು ಮೂವತ್ತು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸಿದವನು. ನಿಧನವಾರ್ತೆ ಬಂತೆಂದರೆ ನಮಗೆಲ್ಲ ಕೈ ನಡುಗುತ್ತಿತ್ತು. ಹೆಸರು, ಇನಿಷಿಯಲ್ಲು, ವಯಸ್ಸು, ಊರು ಎಲ್ಲವನ್ನೂ ಎರಡೆರಡು ಸಲ ನೋಡದೆ ಪುಟಕ್ಕೆ ಬಿಡುತ್ತಿರಲಿಲ್ಲ. ಬದುಕಿರುವವರನ್ನು ಸತ್ತರೆಂದು ಅಚ್ಚು ಹಾಕಿದರೆ ಮರುದಿನ ವಿಷಾದ ವ್ಯಕ್ತಪಡಿಸಬಹುದು. ಅಷ್ಟರಲ್ಲಿ ಆ ಮನೆಯವರು ಕಳೆದ ರಾತ್ರಿಯನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ಹಾಗಾಗಿ ಜುಲೈನ ಆ ಸುದ್ದಿ ಓದಿದಾಗ ಪೆನ್ನು ಕಾಗದ ತೆಗೆದುಕೊಂಡು, ಯಂತ್ರ ಎಲ್ಲಿ ಎಡವಿರಬಹುದು ಎಂದು ವಾಕ್ಯ ಬಿಡಿಸುತ್ತಾ ಕೂತೆ.

ಇಂಥದೊಂದು ವಾಕ್ಯ ಕೇಳಿ. "ಮುಖ್ಯಮಂತ್ರಿಗಳು ನಿನ್ನೆ ನಿಧನರಾದ ಹಿರಿಯ ನಟಿಯ ಪಾರ್ಥಿವ ಶರೀರದ ದರ್ಶನ ಪಡೆದು ಅಂತಿಮ ನಮನ ಸಲ್ಲಿಸಿದರು." ಕನ್ನಡ ಬಲ್ಲ ಯಾರಿಗೂ ಇದರಲ್ಲಿ ಗೊಂದಲವಿಲ್ಲ. "ನಿಧನರಾದ" ಎಂಬ ಕೃದಂತ ಮುಂದಕ್ಕೆ ಮುಖ ಮಾಡಿ ನಿಂತಿದೆ, ತನ್ನ ಮುಂದಿರುವ ನಟಿಯ ಕೈ ಹಿಡಿದಿದೆ. "ಮುಖ್ಯಮಂತ್ರಿಗಳು" ಎಂಬ ಕರ್ತೃಪದ ಅಷ್ಟು ಉದ್ದ ಕಾದಿದ್ದು ಕೊನೆಯ "ಸಲ್ಲಿಸಿದರು" ಎಂಬ ಕ್ರಿಯಾಪದವನ್ನು ಸೇರುತ್ತದೆ. ಎರಡನೆಯ ತರಗತಿಯ ಮಗು ಕೂಡ ವ್ಯಾಕರಣದ ಹೆಸರು ಗೊತ್ತಿಲ್ಲದೆ ಇದನ್ನು ಸರಿಯಾಗಿಯೇ ಕೇಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಾದರೋ ಕರ್ತೃವಿನ ಪಕ್ಕದಲ್ಲೇ ಕ್ರಿಯಾಪದ ಬಂದು ಕೂರುವುದು ರೂಢಿ. ಆ ಕಣ್ಣಿನಿಂದ ನೋಡಿದರೆ ಮುಖ್ಯಮಂತ್ರಿಗಳ ಹತ್ತಿರದಲ್ಲಿ ಸಿಗುವುದು "ನಿಧನರಾದ" ಎಂಬ ಮಾತೇ.

ತಪ್ಪು ಮನುಷ್ಯರಿಂದಲೂ ಆಗುತ್ತದೆ. ನನ್ನ ಚಿಂತೆ ತಪ್ಪಿನದಲ್ಲ, ಅದಕ್ಕೆ ಮುಂಚೆ ಕೊಟ್ಟ ಭರವಸೆಯದು. ಭಾಷೆಯ ಗೋಡೆ ಬಿತ್ತು, ಇನ್ನು ಯಾರು ಯಾವ ಭಾಷೆಯಲ್ಲಿ ಬರೆದರೂ ಎಲ್ಲರಿಗೂ ತಿಳಿಯುತ್ತದೆ ಎಂಬ ಘೋಷಣೆ ಮೊದಲು ಬರುತ್ತದೆ. ಕನ್ನಡ ಬಲ್ಲವರು ಕೂತು ಓದಿ ನೋಡುವ ಕೆಲಸ ಆಮೇಲೆ, ಯಾರಾದರೂ ದೂರು ಕೊಟ್ಟ ಮೇಲೆ. ಈ ಕ್ರಮ ಇವತ್ತಿನದಲ್ಲ. ಎಪ್ಪತ್ತು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1954ರ ಜನವರಿ 7. ನ್ಯೂಯಾರ್ಕಿನಲ್ಲಿ ಐಬಿಎಂ ಕಂಪನಿಯ ಕೇಂದ್ರ ಕಚೇರಿ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರೂ ಐಬಿಎಂನವರೂ ಸೇರಿ ಪತ್ರಕರ್ತರನ್ನು ಕರೆದಿದ್ದರು. ಐಬಿಎಂ 701 ಎಂಬ ಕಂಪ್ಯೂಟರು. ಅದರ ಮುಂದೆ ರಷ್ಯನ್ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ಒಬ್ಬ ಹೆಣ್ಣುಮಗಳು. ರೋಮನ್ ಅಕ್ಷರದಲ್ಲಿ ಬರೆದುಕೊಟ್ಟ ರಷ್ಯನ್ ವಾಕ್ಯಗಳನ್ನು ಆಕೆ ಕಾರ್ಡುಗಳ ಮೇಲೆ ತೂತು ಹೊಡೆದು ಯಂತ್ರಕ್ಕೆ ಉಣಿಸಿದಳು. ಕೆಲವೇ ಸೆಕೆಂಡಿನಲ್ಲಿ ಇಂಗ್ಲಿಷ್ ವಾಕ್ಯ ಅಚ್ಚಾಗಿ ಹೊರಬಂತು. ಮಾತಿನ ಮೂಲಕ ನಾವು ಆಲೋಚನೆಗಳನ್ನು ತಲುಪಿಸುತ್ತೇವೆ ಎಂಬರ್ಥದ ವಾಕ್ಯವೂ ಅವುಗಳಲ್ಲಿ ಒಂದು. ಮರುದಿನ ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಹಾಕಿತು. ಶೀತಲ ಸಮರದ ಕಾಲ ಅದು. ರಷ್ಯನ್ನರು ಏನು ಬರೆಯುತ್ತಿದ್ದಾರೆ ಎಂದು ತಿಳಿಯುವ ಆತುರ ಅಮೆರಿಕದ ಸರ್ಕಾರಕ್ಕೆ ಬಹಳ ಇತ್ತು.

ಈ ಯೋಜನೆಯ ಮುಂದಾಳು ಲಿಯೋನ್ ಡೋಸ್ಟರ್ಟ್ ಸಾಮಾನ್ಯರಲ್ಲ. ಎರಡನೆಯ ಮಹಾಯುದ್ಧದ ನಂತರ ನ್ಯೂರೆಂಬರ್ಗಿನ ವಿಚಾರಣೆಯಲ್ಲಿ, ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಂದು ಭಾಷೆಗೆ ಹೇಳುತ್ತಾ ಹೋಗುವ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದವರು ಅವರು. ಅನುವಾದದ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅಂಥವರೇ ಅವತ್ತು, ಐದು ವರ್ಷದಲ್ಲಿ, ಬಹುಶಃ ಮೂರೇ ವರ್ಷದಲ್ಲಿ, ಮುಖ್ಯವಾದ ಕೆಲವು ಕ್ಷೇತ್ರಗಳಲ್ಲಿ ಯಂತ್ರಾನುವಾದ ಕೈಗೂಡಬಹುದು ಎಂದರು.

ಆ ಯಂತ್ರಕ್ಕೆ ಗೊತ್ತಿದ್ದದ್ದು 250 ಪದ, ವ್ಯಾಕರಣದ 6 ನಿಯಮ. ಅನುವಾದವಾದದ್ದು 60 ಚಿಲ್ಲರೆ ವಾಕ್ಯ. ಆ ವಾಕ್ಯಗಳಲ್ಲಿ ನಿಷೇಧವಿರಲಿಲ್ಲ, ಪ್ರಶ್ನೆಯಿರಲಿಲ್ಲ. "ಇಲ್ಲ", "ಬೇಡ", "ಯಾಕೆ", "ಎಲ್ಲಿ" ಎನ್ನದೆ ಯಾವ ಊರಿನ ಜನ ಮಾತಾಡುತ್ತಾರೆ ಹೇಳಿ! ಪದಗಳನ್ನು ಆರಿಸಿದವರು, ವಾಕ್ಯಗಳನ್ನು ಆರಿಸಿದವರು, ನಿಯಮ ಬರೆದವರು, ಫಲಿತಾಂಶ ತೋರಿಸಿದವರು ಎಲ್ಲ ಒಂದೇ ಕಡೆಯವರು. ಇದನ್ನು ನಾನು ಮೋಸವೆಂದು ಕರೆಯಲಾರೆ. ಪ್ರಯೋಗಾಲಯದಲ್ಲಿ ಮೊದಲ ಹೆಜ್ಜೆ ಹೀಗೆಯೇ ಇಡುತ್ತಾರೆ. ಆದರೆ ಮೊದಲ ಹೆಜ್ಜೆಯನ್ನು ಪತ್ರಕರ್ತರ ಮುಂದೆ ಇಟ್ಟು, ಊರು ತಲುಪಿದೆವು ಎನ್ನುವಂತೆ ತೋರಿಸಿದ್ದು ಸರಿಯಲ್ಲ. ಅಲ್ಲಿ ನೆರೆದಿದ್ದವರಲ್ಲಿ ಯಾರಾದರೂ ತಮ್ಮ ಜೇಬಿನಿಂದ ಒಂದು ರಷ್ಯನ್ ಪತ್ರಿಕೆ ತೆಗೆದು ಅದರ ಮೊದಲ ಸಾಲು ಕೊಟ್ಟಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತಿತ್ತು.

ಮೂರು ವರ್ಷ ಹೋಯಿತು, ಐದೂ ಹೋಯಿತು. ಈ ಕ್ಷೇತ್ರಕ್ಕೆ ಹಣ ಮಾತ್ರ ಹರಿಯುತ್ತಲೇ ಇತ್ತು. ಒಳಗಿನಿಂದಲೇ ಸತ್ಯ ಹೇಳಿದವರು ಯೆಹೋಶುವಾ ಬಾರ್‌ಹಿಲೆಲ್. ಯಂತ್ರಾನುವಾದವನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡ ಮೊದಲ ಸಂಶೋಧಕರು ಅವರು. 1952ರಲ್ಲಿ ಈ ವಿಷಯದ ಮೊದಲ ಸಮ್ಮೇಳನ ಕರೆದವರೂ ಅವರೇ. 1960ರಲ್ಲಿ ಅವರು ಒಂದು ಪುಟ್ಟ ವಾಕ್ಯ ಎತ್ತಿಕೊಂಡರು. ಮಗುವೊಂದು ಆಟಿಕೆಯ ಪೆಟ್ಟಿಗೆ ಹುಡುಕುತ್ತಿದೆ, ಪೆಟ್ಟಿಗೆ "ಪೆನ್"ನಲ್ಲಿದೆ. ಇಂಗ್ಲಿಷಿನಲ್ಲಿ ಪೆನ್ ಎಂದರೆ ಬರೆಯುವ ಲೇಖನಿಯೂ ಹೌದು, ಮಕ್ಕಳನ್ನು ಆಡಲು ಬಿಡುವ ಕಟಕಟೆಯೂ ಹೌದು. ಲೇಖನಿಯೊಳಗೆ ಪೆಟ್ಟಿಗೆ ಹಿಡಿಸುವುದಿಲ್ಲ ಎಂಬ ಲೋಕಜ್ಞಾನ ಯಂತ್ರಕ್ಕೆ ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ.

ನಮ್ಮಲ್ಲಿ ಇದಕ್ಕೆ ಉದಾಹರಣೆಯಾಗಿ "ಖಾತೆ" ಎಂಬ ಒಂದೇ ಪದ ಸಾಕು. ಬ್ಯಾಂಕಿನಲ್ಲಿ ಖಾತೆ ತೆರೆಯುತ್ತೇವೆ. ಮಂತ್ರಿಗಳಿಗೆ ಖಾತೆ ಹಂಚುತ್ತಾರೆ. ತಂದೆಯ ಹೆಸರಿನಲ್ಲಿದ್ದ ಸೈಟಿನ ಖಾತೆಯನ್ನು ಮಕ್ಕಳ ಹೆಸರಿಗೆ ಮಾಡಿಸಿಕೊಳ್ಳುತ್ತೇವೆ. "ಖಾತೆ ಬದಲಾವಣೆ" ಎಂಬ ಎರಡು ಪದ ಪತ್ರಿಕೆಯ ತಲೆಬರಹದಲ್ಲಿದ್ದರೆ ಸಂಪುಟದ ಸುದ್ದಿ, ಪಾಲಿಕೆಯ ಕಿಟಕಿಯ ಮೇಲಿದ್ದರೆ ಆಸ್ತಿಯ ಸುದ್ದಿ. ನಮ್ಮ ಡೆಸ್ಕಿಗೆ ಹೊಸದಾಗಿ ಬಂದ ಹುಡುಗರಿಗೆ ನಾನು ಇದನ್ನು ಹೇಳಿಕೊಡಬೇಕಾಗಿ ಬರಲಿಲ್ಲ. ಅವರ ಅಪ್ಪಂದಿರು ಪಾಲಿಕೆಯ ಸಾಲಿನಲ್ಲಿ ನಿಂತು ಬಂದಿದ್ದರು.

ಕೊನೆಗೆ ಅಮೆರಿಕದ ಸರ್ಕಾರ 1964ರಲ್ಲಿ ಒಂದು ಸಮಿತಿ ಮಾಡಿತು. ಬೆಲ್ ಪ್ರಯೋಗಾಲಯದ ಜಾನ್ ಪಿಯರ್ಸ್ ಅಧ್ಯಕ್ಷರು. 1966ರಲ್ಲಿ ವರದಿ ಬಂತು. ಉಪಯೋಗಕ್ಕೆ ಬರುವ ಯಂತ್ರಾನುವಾದ ಸದ್ಯಕ್ಕೆ ಕಾಣುತ್ತಿಲ್ಲ, ಮನುಷ್ಯ ಅನುವಾದಕರ ಕೊರತೆಯೂ ಇಲ್ಲ ಎಂದಿತು ಅದು. 1954ರ ಪ್ರದರ್ಶನದ ವಾಕ್ಯಗಳು ಹತ್ತು ವರ್ಷದ ನಂತರ ನಿಜವಾದ ಲೇಖನಗಳ ಮೇಲೆ ಮಾಡಿದ ಅನುವಾದಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುತ್ತಿದ್ದವು ಎಂಬುದನ್ನೂ ಗಮನಿಸಿತು. ಹಣ ಬಹುಮಟ್ಟಿಗೆ ನಿಂತಿತು. ಅದರ ಜೊತೆಗೆ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದ್ದವರ ಸಂಶೋಧನೆಯೂ ಎಷ್ಟೋ ವರ್ಷ ಸೊರಗಿತು. ಅತಿಯಾದ ಭರವಸೆಗೆ ಮೊದಲು ಬಲಿಯಾಗುವುದು ಆ ವಿದ್ಯೆಯೇ. ಇದು ನನಗೆ ಬಹಳ ನೋವಿನ ಸಂಗತಿ.

ಇನ್ನೊಂದು ದಾರಿ ಇತ್ತು. ಅದನ್ನು ತೋರಿಸಿದವರು ನಮ್ಮ ದೇಶದವರು, ಅವರು ಮೊದಮೊದಲು ಹಿಡಿದ ಭಾಷೆಗಳಲ್ಲಿ ಕನ್ನಡವೂ ಒಂದು. ಕಾನ್ಪುರದ ಐಐಟಿಯಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಅವರ ಸಂಗಾತಿಗಳು 1990ರ ದಶಕದಲ್ಲಿ "ಅನುಸಾರಕ" ಎಂಬ ತಂತ್ರಾಂಶ ಕಟ್ಟಿದರು. ಪಾಣಿನಿಯ ಕಾರಕಗಳ ಚೌಕಟ್ಟನ್ನು ಇವತ್ತಿನ ಭಾರತೀಯ ಭಾಷೆಗಳಿಗೆ ಹೊಂದಿಸಿ, 1995ರಲ್ಲಿ ಒಂದು ಪುಸ್ತಕವನ್ನೂ ತಂದರು. ಕನ್ನಡದ ಬರಹವನ್ನು ಹಿಂದಿ ಬಲ್ಲವರು ಓದುವಂತೆ ಮಾಡುವುದು ಅವರ ಗುರಿಗಳಲ್ಲೊಂದು. ಇದು ಪೂರ್ತಿ ಅನುವಾದ ಎಂದು ಅವರು ಹೇಳಿಕೊಳ್ಳಲೇ ಇಲ್ಲ. ಯಂತ್ರಕ್ಕೆ ಬರುವ ಕೆಲಸ ಯಂತ್ರ ಮಾಡಲಿ: ನಿಘಂಟು ನೋಡುವುದು, ಪ್ರತ್ಯಯ ಬಿಡಿಸುವುದು. ಲೋಕಜ್ಞಾನ ಬೇಕಾದ ಕೆಲಸ ಓದುಗ ಮಾಡಲಿ. ಹೊರಬರುವ ಹಿಂದಿ ಸೊಗಸಾಗಿರಲಿಲ್ಲ, ಕನ್ನಡದ ಮೈಕಟ್ಟು ಅದರಲ್ಲಿ ಎದ್ದು ಕಾಣುತ್ತಿತ್ತು. ಓದುಗ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಬೇಕಿತ್ತು. ಆದರೆ ಮೂಲದಲ್ಲಿ ಇಲ್ಲದ್ದನ್ನು ಅದು ಸೇರಿಸಬಾರದು, ಇದ್ದದ್ದನ್ನು ನುಂಗಬಾರದು ಎಂಬುದು ಕಟ್ಟಿದವರ ಹಟ. ನಾನು ಮೊದಲಿಗೆ ಹೇಳಿದೆನಲ್ಲ, "ನಿಧನರಾದ" ಎಂಬಂಥ ಕೃದಂತ, ಅದರ ಕಷ್ಟ ಅವರಿಗೆ ಆಗಲೇ ಗೊತ್ತಿತ್ತು. "ತಿಂದ ಹುಡುಗ" ಎಂದರೆ ಹುಡುಗ ತಿಂದವನು, "ತಿಂದ ಹಣ್ಣು" ಎಂದರೆ ಹಣ್ಣು ತಿನ್ನಿಸಿಕೊಂಡದ್ದು. "ತಿಂದ" ಎಂಬ ರೂಪ ಮಾತ್ರ ಎರಡೂ ಕಡೆ ಅದೇ. ಹಿಂದಿಯಲ್ಲಿ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗುತ್ತದೆ. ಯಂತ್ರ ಊಹಿಸಿ ಬರೆಯುವ ಬದಲು ಅಲ್ಲಿ ಒಂದು ಗುರುತು ಹಾಕಿ, ನಿರ್ಧಾರವನ್ನು ಓದುವವರಿಗೇ ಬಿಡುವ ದಾರಿ ಅವರು ಹಿಡಿದರು. ನನಗೆ ತಿಳಿಯದು, ನೀವೇ ನೋಡಿ ಎಂದು ಹೇಳಬಲ್ಲ ಯಂತ್ರ! ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಬರಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಅದಕ್ಕಿಂತ ಗೌರವದ ಕೆಲಸ ಇನ್ನೊಂದಿಲ್ಲ.

ಇವತ್ತಿನ ಯಂತ್ರಗಳ ರೀತಿ ಬೇರೆ. ಕೋಟಿಗಟ್ಟಲೆ ವಾಕ್ಯಗಳನ್ನು ನುಂಗಿ, ಯಾವ ಪದದ ನಂತರ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತವೆ. ಇದರಿಂದ ಆಗಿರುವ ಪ್ರಗತಿಯನ್ನು ನಾನು ಅಲ್ಲಗಳೆಯುವುದಿಲ್ಲ. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿದಾಗ ಬರುತ್ತಿದ್ದ ವಾಕ್ಯಗಳಿಗೂ ಈಗ ಬರುವ ವಾಕ್ಯಗಳಿಗೂ ಹೋಲಿಕೆಯೇ ಇಲ್ಲ. ಬೇರೆ ಊರಿನಲ್ಲಿ ದಾರಿ ಕೇಳಲು ನಾನೂ ಅದನ್ನು ಬಳಸಿದ್ದೇನೆ. ಆದರೆ ಅಪಾಯ ಇರುವುದು ಆ ನಯದಲ್ಲೇ. ಹಿಂದಿನ ಯಂತ್ರ ತಪ್ಪಿದರೆ ವಾಕ್ಯವೇ ಮುರಿದು ಬೀಳುತ್ತಿತ್ತು, ಓದುವವರು ಎಚ್ಚರಾಗುತ್ತಿದ್ದರು. ಈಗ ತಪ್ಪೂ ಸರಿಯ ಹಾಗೆಯೇ ನುಣ್ಣಗೆ ಓದಿಸಿಕೊಂಡು ಹೋಗುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮನಿಗೆ ಎಪ್ಪತ್ತಾರು ವರ್ಷ. ಆಸ್ಪತ್ರೆಯಿಂದ ಮನೆಗೆ ಬಂದಾಗ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಮೊಮ್ಮಗಳು ಫೋನನ್ನು ಅದರ ಮೇಲೆ ಹಿಡಿದಳು. ಕನ್ನಡ ಅಕ್ಷರ ಮೂಡಿತು. ಅದನ್ನು ನೋಟ್‌ಬುಕ್ಕಿನ ಹಾಳೆಗೆ ದಪ್ಪ ಅಕ್ಷರದಲ್ಲಿ ಬರೆದು ಅಜ್ಜಿಯ ಕೈಗೆ ಕೊಟ್ಟು, ಅವಳು ಕಾಲೇಜಿಗೆ ಮರಳಿದಳು. ಮೂರು ವಾರದ ನಂತರ ನಾನು ಹೋದಾಗ ಒಂದು ಮಾತ್ರೆಯ ಹಾಳೆ ಡಬ್ಬಿಯಲ್ಲಿ ಹಾಗೇ ಇತ್ತು, ಒಂದೂ ಒಡೆದಿರಲಿಲ್ಲ.

"ಇದ್ಯಾಕೆ ತಗೊಂಡಿಲ್ಲ ಚಿಕ್ಕಮ್ಮ?" ಎಂದೆ.

"ಅದು ಬದಲಿ ಮಾತ್ರೆ ಅಲ್ಲನಾ? ಉಳಿದದ್ದು ಖಾಲಿ ಆದ್ರೆ ತಗೊಳ್ಳೋದಕ್ಕೆ ಇಟ್ಕೊಂಡಿದೀನಿ" ಎಂದರು.

ಹಾಳೆಯಲ್ಲಿ "ಪರ್ಯಾಯ ದಿನಗಳಲ್ಲಿ ಒಂದು ಮಾತ್ರೆ" ಎಂದಿತ್ತು. ವೈದ್ಯರು ಬರೆದದ್ದು, ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳಿ ಎಂದು. ನಿಘಂಟು ತೆರೆದರೆ ಆ ಅನುವಾದವನ್ನು ತಪ್ಪೆನ್ನಲು ಬರುವುದಿಲ್ಲ. ಪರೀಕ್ಷೆಗೆ ಇಟ್ಟರೆ ಬಹುಶಃ ಒಳ್ಳೆಯ ಅಂಕವೇ ಬೀಳುತ್ತದೆ, ಏಕೆಂದರೆ ಅಂಕ ಕೊಡುವ ಎಷ್ಟೋ ವಿಧಾನಗಳು ಯಂತ್ರದ ಪದಗಳನ್ನು ಮಾದರಿ ಉತ್ತರದ ಪದಗಳಿಗೆ ತಾಳೆ ಹಾಕಿ ನೋಡುವಂಥವು. ಆದರೆ ಚಿಕ್ಕಮ್ಮನ ಕನ್ನಡದಲ್ಲಿ ಪರ್ಯಾಯ ಎಂದರೆ ಬದಲಿ. ರಸ್ತೆ ಕೆಟ್ಟಾಗ ಪರ್ಯಾಯ ಮಾರ್ಗ ಇರುವುದಿಲ್ಲವೇ, ಹಾಗೆ. "ದಿನ ಬಿಟ್ಟು ದಿನ" ಎಂಬ ಮೂರು ಪದ ಕನ್ನಡದ ಪ್ರತಿ ಮನೆಯಲ್ಲೂ ಇದೆ. ಹಾಲಿನವನ ಲೆಕ್ಕದಲ್ಲಿದೆ, ನಲ್ಲಿ ನೀರಿನ ಲೆಕ್ಕದಲ್ಲಿದೆ. ಪಕ್ಕದ ಔಷಧಿ ಅಂಗಡಿಯ ಹುಡುಗನನ್ನು ಕೇಳಿದ್ದರೆ ಅದನ್ನೇ ಹೇಳುತ್ತಿದ್ದ. ಪುಣ್ಯಕ್ಕೆ ಚಿಕ್ಕಮ್ಮನಿಗೆ ತೊಂದರೆಯಾಗಲಿಲ್ಲ. ಮೊಮ್ಮಗಳು ಫೋನಿನಲ್ಲಿ ಅತ್ತಳು. ತಪ್ಪು ಅವಳದಾಗಿರಲಿಲ್ಲ. ಫೋನಿನಲ್ಲಿ ಬಂದದ್ದನ್ನು ನಂಬು ಎಂದು ಅವಳಿಗೆ ದಿನಕ್ಕೆ ಹತ್ತು ಸಲ ಹೇಳಿಕೊಟ್ಟವರು ಬೇರೆಯವರು.

ಭವಿಷ್ಯ ನುಡಿಯುವವರ ಗಡುವಿನ ಬಗ್ಗೆಯೂ ಒಂದು ಮಾತು. 1965ರಲ್ಲಿ ಹರ್ಬರ್ಟ್ ಸೈಮನ್ ಎಂಬ ದೊಡ್ಡ ವಿದ್ವಾಂಸರು, ಇಪ್ಪತ್ತು ವರ್ಷದಲ್ಲಿ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡೀತು ಎಂದು ಬರೆದರು. 2016ರಲ್ಲಿ ಜೆಫ್ರಿ ಹಿಂಟನ್, ಮುಂದೆ ನೊಬೆಲ್ ಪಡೆದವರು, ರೇಡಿಯಾಲಜಿ ವೈದ್ಯರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದರು. ಆ ಮಾತು ಕೇಳಿ ಯಾವುದಾದರೂ ದೇಶ ನಿಜವಾಗಿ ತರಬೇತಿ ನಿಲ್ಲಿಸಿದ್ದರೆ, ಇವತ್ತು ಎಕ್ಸ್‌ರೇ ಓದುವವರಿಲ್ಲದೆ ರೋಗಿಗಳು ಕಾಯುತ್ತಿದ್ದರು. ಇಬ್ಬರೂ ಮಹಾ ಪ್ರತಿಭಾವಂತರು, ಸಂಶಯವಿಲ್ಲ. ಆದರೆ ಮಾತು ಸುಳ್ಳಾದಾಗ ಬೆಲೆ ತೆರುವವರು ಅವರಲ್ಲ.

ಕನ್ನಡಕ್ಕೆ ಬಂದರೆ ಬೆಲೆ ಎಂಬುದು ನೇರವಾಗಿ ಹಣದ ಲೆಕ್ಕವೂ ಹೌದು. ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಸಾಮಾನ್ಯವಾಗಿ ಒಂದು ಬೈಟ್ ಜಾಗ ಸಾಕು. ನಮ್ಮ "ಸ್ತ್ರೀ" ಎಂಬ ಒಂದೇ ಅಕ್ಷರದಲ್ಲಿ ಸ, ತ, ರ, ನಡುವೆ ಎರಡು ಹಲಂತ ಚಿಹ್ನೆ, ಕೊನೆಗೆ ದೀರ್ಘದ ಗುರುತು ಎಂದು ಆರು ಸಂಕೇತಗಳಿವೆ. ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೆಂಟು. ಮಾತಾಡುವ ಎಐ ಯಂತ್ರಗಳು ಬರಹವನ್ನು ಚೂರು ಮಾಡಿಕೊಂಡು ಓದುತ್ತವೆ, ಕಂಪನಿಗಳು ಚೂರಿನ ಲೆಕ್ಕದಲ್ಲೇ ಹಣ ಪಡೆಯುತ್ತವೆ. ಆ ಚೂರುಗಳ ಅಳತೆ ಇಂಗ್ಲಿಷಿಗೆ ಹೊಂದುವಂತೆ ಮಾಡಿದ್ದು. ಹೀಗಾಗಿ ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆಯನ್ನೇ ಕನ್ನಡದಲ್ಲಿ ಕೇಳಿದರೆ, ಮೊದಲು ಬಂದ ಯಂತ್ರಗಳಲ್ಲಿ ಹಲವು ಪಟ್ಟು ಹೆಚ್ಚು ಚೂರು ಆಗುತ್ತಿತ್ತು. ಹೊಸವುಗಳಲ್ಲಿ ಇದು ಸುಧಾರಿಸಿದೆ, ಸರಿಸಮ ಆಗಿಲ್ಲ. ಎಲ್ಲ ಭಾಷೆಗೂ ಸಮಾನ ಎಂಬ ಜಾಹೀರಾತಿನಲ್ಲಿ ಈ ಮಾತು ಬರುವುದಿಲ್ಲ. ಯಂತ್ರ ಕಲಿಯುವ ಸಾಮಗ್ರಿಯೂ ಅಷ್ಟೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷ ಲೇಖನ, ಕನ್ನಡದಲ್ಲಿ ಮೂವತ್ತು ಸಾವಿರದ ಆಸುಪಾಸು. ಅವುಗಳಲ್ಲಿ ಹೆಚ್ಚಿನವನ್ನು ಸಂಬಳವಿಲ್ಲದೆ ರಾತ್ರಿ ನಿದ್ದೆಗೆಟ್ಟು ಬರೆದವರು ನಮ್ಮ ನಡುವಿನ ಮೇಷ್ಟ್ರುಗಳು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು. ಯಂತ್ರ ಕನ್ನಡ ಮಾತಾಡಿದಾಗ ನನಗೆ ಮೊದಲು ನೆನಪಾಗುವುದು ಅವರೇ.

ಈಗ ಸರ್ಕಾರದ ಕಚೇರಿ, ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲ ಕಡೆಗೂ ಈ ಯಂತ್ರಗಳು ಬರುತ್ತಿವೆ. ಬರಲಿ. ಕೊಳ್ಳುವ ಅಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಮಾರಲು ಬಂದವರು ಲ್ಯಾಪ್‌ಟಾಪ್ ತೆರೆದು ತಮ್ಮ ವಾಕ್ಯ ತೋರಿಸುತ್ತಾರೆ. ಅದನ್ನು ನೋಡಿ, ಆದರೆ ಅಲ್ಲಿಗೇ ಸಹಿ ಹಾಕಬೇಡಿ. ತಾಲ್ಲೂಕು ಕಚೇರಿಯ ಆವತ್ತಿನ ಟಪಾಲು ತರಿಸಿ, ಮೇಲಿನ ಹತ್ತು ಅರ್ಜಿ ತೆಗೆದುಕೊಳ್ಳಿ, ಆರಿಸಬೇಡಿ. "ಬಾಂದು ಕಲ್ಲು ಕಿತ್ತು ಒಗದಾರ್ರಿ, ಹೊಲಕ್ಕ ಹೋಗಾಕ ಹಾದಿ ಬಿಡವಲ್ರು" ಎಂದು ರೋಣದ ಕಡೆಯವರು ಬರೆದದ್ದಿರುತ್ತದೆ. ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದೆ, ಪೌತಿ ಖಾತೆ ಆಗಿಲ್ಲ ಎಂದು ಮಂಡ್ಯದವರು ಬರೆದದ್ದಿರುತ್ತದೆ. ಕೈಬರಹ ಸೊಟ್ಟಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ, "ಇಲ್ಲ", "ಆಗಲಿಲ್ಲ", "ಯಾಕೆ" ಎಂಬ ಪದಗಳೇ ತುಂಬಿರುತ್ತವೆ. ಅವನ್ನು ಯಂತ್ರಕ್ಕೆ ಕೊಡಿ. ಅದು ಅರ್ಥ ಮಾಡಿಕೊಂಡದ್ದನ್ನು ಅರ್ಜಿ ಬರೆದವರನ್ನೇ ಕೂರಿಸಿಕೊಂಡು ಓದಿ ಹೇಳಿ. ಹೌದು, ನಾನು ಹೇಳಿದ್ದು ಇದನ್ನೇ ಎಂದು ಅವರು ಹೇಳಲಿ. ಹತ್ತರಲ್ಲಿ ಎಷ್ಟು ಜನ ಹಾಗೆ ಹೇಳಿದರು ಎಂಬ ಸಂಖ್ಯೆಯನ್ನು ಕಚೇರಿಯ ಫಲಕದ ಮೇಲೆ ಬರೆದು ಹಾಕಿ.

ಚಿಕ್ಕಮ್ಮನ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ದಿನ ಬಿಟ್ಟು ದಿನ ಒಂದು ಕೆಂಪು ಸುತ್ತು ಇದೆ. ಮೊಮ್ಮಗಳು ರಜೆಗೆ ಬಂದಾಗ ಹಾಕಿಕೊಟ್ಟದ್ದು. ಮಾತ್ರೆ ನುಂಗಿದ ಮೇಲೆ ಚಿಕ್ಕಮ್ಮ ಸುತ್ತಿನೊಳಗೆ ಕುಂಕುಮದ ಬೊಟ್ಟು ಇಡುತ್ತಾರೆ.